ಕ್ಯಾನ್ಸರ್ ಮರುಕಳಿಕೆ: ಪರೀಕ್ಷೆಗೆ ಮೊದಲು ದಾಖಲೆ ಬೇಕು

2019ರ ನವೆಂಬರಿನಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನನ್ನ ಪ್ರಾಸ್ಟೇಟ್ ಗ್ರಂಥಿಯನ್ನು ಶಸ್ತ್ರಚಿಕಿತ್ಸೆಯ ಮೂಲಕ ತೆಗೆದುಹಾಕಿದರು. ಸರ್ಕಾರಿ ಸೇವೆಯಿಂದ ನಿವೃತ್ತನಾಗಿ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಎರಡು ವಾರಗಳ ಬಳಿಕ ಕೈಸೇರಿದ ಅಂಗಾಂಶ ವರದಿಯಲ್ಲಿ ಮೂರು ಸಂಗತಿಗಳಿದ್ದವು: ಗ್ಲೀಸನ್ ಅಂಕ 4+3=7; ಗಡ್ಡೆಯು ಗ್ರಂಥಿಯ ಹೊರಕವಚವನ್ನು ದಾಟಿದೆ; ಕತ್ತರಿಸಿದ ಅಂಚಿನಲ್ಲಿ ಒಂದೆಡೆ ಕ್ಯಾನ್ಸರ್ ಕೋಶಗಳು ಕಾಣುತ್ತಿವೆ. ಮೂರೂವರೆ ದಶಕ ಕಡತಗಳನ್ನು ಓದಿಕೊಂಡು ಬದುಕಿದವನಿಗೆ ಒಂದು ಪುಟದ ಆ ವರದಿಯನ್ನು ಅರ್ಥಮಾಡಿಕೊಳ್ಳಲು ಒಂದು ತಿಂಗಳು ಬೇಕಾಯಿತು. ಪ್ರಶ್ನೆ ಮಾತ್ರ ಸರಳವಾಗಿತ್ತು. ರೋಗ ಮರುಕಳಿಸುವುದೇ? ಮರುಕಳಿಸುವುದಾದರೆ ಈಗಲೇ ವಿಕಿರಣ ಚಿಕಿತ್ಸೆ ಪಡೆಯಬೇಕೇ, ಇಲ್ಲವೇ ಕಾದು ನೋಡಬೇಕೇ?

ಅದೇ ದಿನಗಳಲ್ಲಿ ಪರಿಚಿತರೊಬ್ಬರು ಹೊಸದೊಂದು ದಾರಿ ಸೂಚಿಸಿದರು. ತೆಗೆದ ಗಡ್ಡೆಯ ಚೂರನ್ನು ವಿದೇಶದ ಪ್ರಯೋಗಾಲಯಕ್ಕೆ ಕಳುಹಿಸಿದರೆ ಅದರೊಳಗಿನ ಹತ್ತಾರು ವಂಶವಾಹಿಗಳ ಚಟುವಟಿಕೆಯನ್ನು ಅಳೆದು, ರೋಗ ಹರಡುವ ಸಂಭವ ಎಷ್ಟು ಎಂಬುದನ್ನು ಅಂಕಿಯಲ್ಲಿ ತಿಳಿಸುತ್ತಾರೆ ಎಂದರು. ವೆಚ್ಚ ಕೆಲವು ಸಾವಿರ ಡಾಲರ್. ಎಂದರೆ ನನ್ನ ಹಲವು ತಿಂಗಳ ಪಿಂಚಣಿ. ಮನೆಯವರು ಹಣದ ಮುಖ ನೋಡಬೇಡಿ ಎಂದರು. ನಾನು ಶಸ್ತ್ರವೈದ್ಯರ ಬಳಿ ಹೋಗಿ ಒಂದೇ ಪ್ರಶ್ನೆ ಕೇಳಿದೆ: ‘ಡಾಕ್ಟರೇ, ಅಂಕ ಹೆಚ್ಚು ಬಂದರೆ ಏನು ಮಾಡುತ್ತೀರಿ? ಕಡಿಮೆ ಬಂದರೆ ಏನು ಮಾಡುತ್ತೀರಿ?’ ಅವರು ತುಸು ಹೊತ್ತು ಯೋಚಿಸಿ ಹೇಳಿದರು: ‘ನಿಜ ಹೇಳಬೇಕೆಂದರೆ, ಸರ್, ಎರಡೂ ಸಂದರ್ಭದಲ್ಲಿ ಮೂರು ತಿಂಗಳಿಗೊಮ್ಮೆ ನಿಮ್ಮ ಪಿಎಸ್‌ಎ ನೋಡುತ್ತೇನೆ. ಅದು ಏರಿದ ಕೂಡಲೇ ವಿಕಿರಣ ಕೊಡಿಸುತ್ತೇನೆ.’

ಅರ್ಥಶಾಸ್ತ್ರದ ಪ್ರಾಥಮಿಕ ಪಾಠಗಳಲ್ಲಿ ಒಂದು ಹೀಗಿದೆ: ಮಾಹಿತಿಗೆ ಮೌಲ್ಯ ಬರುವುದು ಅದು ನಿರ್ಧಾರವನ್ನು ಬದಲಿಸಬಲ್ಲದಾದರೆ ಮಾತ್ರ. ಆ ಪರೀಕ್ಷೆಯನ್ನು ನಾನು ಮಾಡಿಸಲಿಲ್ಲ. ಅಂದು ಮಾಡಿದ ನಿರ್ಧಾರ ಸರಿಯೇ ತಪ್ಪೇ ಎಂಬ ವಿಚಾರಣೆ ಈ ಲೇಖನದ ಉದ್ದೇಶವಲ್ಲ. ವೈಯಕ್ತಿಕವಾಗಿ ಕಂಡ ಆ ಪ್ರಶ್ನೆಯ ಹಿಂದೆ ನಮ್ಮ ಆರೋಗ್ಯ ವ್ಯವಸ್ಥೆಗೆ ಸಂಬಂಧಿಸಿದ ದೊಡ್ಡ ಪ್ರಶ್ನೆಯೊಂದಿದೆ. ಅದರ ಬಗ್ಗೆ ಸಾರ್ವಜನಿಕ ಚರ್ಚೆ ನಡೆಯಬೇಕೆಂಬುದು ನನ್ನ ಅಪೇಕ್ಷೆ.

ಪ್ರಾಸ್ಟೇಟ್ ಕ್ಯಾನ್ಸರನ್ನು ಇನ್ನು ಮುಂದೆ ಪಾಶ್ಚಾತ್ಯರ ಕಾಯಿಲೆ ಎಂದು ಬದಿಗಿಡುವಂತಿಲ್ಲ. 1980ರ ದಶಕದ ಆರಂಭದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು ಪ್ರಾರಂಭಿಸಿದಾಗ ಮುಂಬೈ ಮತ್ತು ಚೆನ್ನೈಗಳೊಂದಿಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೂ ಅದರ ಮೊದಲ ಕೇಂದ್ರಗಳಲ್ಲಿ ಒಂದಾಗಿತ್ತು. ಬೆಂಗಳೂರಿನ ಪುರುಷರನ್ನು ಬಾಧಿಸುವ ಮೊದಲ ಹತ್ತು ಕ್ಯಾನ್ಸರ್‌ಗಳ ಪಟ್ಟಿಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಸೇರಿದೆ. ಆಯುಷ್ಯ ಹೆಚ್ಚಿದಂತೆ ಈ ರೋಗವೂ ಹೆಚ್ಚುತ್ತದೆ. ಕರ್ನಾಟಕದಲ್ಲಿ ಆಯುಷ್ಯ ಹೆಚ್ಚುತ್ತಿದೆ.

ಶಸ್ತ್ರಚಿಕಿತ್ಸೆಯ ನಂತರ ಏನಾಗುತ್ತದೆ ಎಂಬುದನ್ನು ಅರಿಯಲು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವೈದ್ಯರು 1999ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಉಪಯುಕ್ತ. ಅವರು ಶಸ್ತ್ರಚಿಕಿತ್ಸೆಗೆ ಒಳಗಾದ 1,997 ಪುರುಷರನ್ನು ವರ್ಷಗಳ ಕಾಲ ಹಿಂಬಾಲಿಸಿದರು. ಅವರಲ್ಲಿ ಶೇ 15ರ ಆಸುಪಾಸಿನ ಮಂದಿಯ ರಕ್ತದಲ್ಲಿ ಪಿಎಸ್‌ಎ ಮತ್ತೆ ಕಾಣಿಸಿಕೊಂಡಿತು. ಗ್ರಂಥಿಯನ್ನೇ ತೆಗೆದ ಮೇಲೆ ಅದು ಸ್ರವಿಸುವ ಈ ಪ್ರೋಟೀನು ರಕ್ತದಲ್ಲಿ ಇರಬಾರದು. ಇದ್ದರೆ ಎಲ್ಲೋ ಒಂದಿಷ್ಟು ಕೋಶಗಳು ಉಳಿದಿವೆ ಎಂದರ್ಥ. ಪ್ರತಿ ಮಿಲಿಲೀಟರಿಗೆ 0.2 ನ್ಯಾನೊಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಕಂಡುಬಂದು, ಮತ್ತೊಂದು ಪರೀಕ್ಷೆಯಲ್ಲೂ ಅದು ದೃಢಪಟ್ಟರೆ ಮರುಕಳಿಕೆ ಎಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಅಧ್ಯಯನದ ಮುಂದಿನ ಭಾಗ ಇನ್ನೂ ಮುಖ್ಯ. ಪಿಎಸ್‌ಎ ಏರಿದ ಮೇಲೆ ಬೇರೆ ಚಿಕಿತ್ಸೆ ಪಡೆಯದೆ ಇದ್ದವರಲ್ಲಿ ಸುಮಾರು ಮೂರನೆಯ ಒಂದು ಭಾಗದವರಿಗೆ ಮಾತ್ರ ಅಧ್ಯಯನದ ಅವಧಿಯಲ್ಲಿ ರೋಗ ಮೂಳೆ ಮೊದಲಾದ ಕಡೆಗೆ ಹರಡಿತು. ಪಿಎಸ್‌ಎ ಏರಿದಂದಿನಿಂದ ರೋಗ ಹರಡುವವರೆಗಿನ ಮಧ್ಯಮ ಅವಧಿ ಎಂಟು ವರ್ಷಗಳಾಗಿದ್ದವು.

ಎಂದರೆ ಮರುಕಳಿಕೆ ಎಂಬ ಒಂದೇ ಪದದಡಿ ಎರಡು ಬೇರೆ ಬೇರೆ ರೋಗಗಳಿವೆ. ಒಂದು, ರಕ್ತಪರೀಕ್ಷೆಯ ಹಾಳೆಯಲ್ಲಿ ಮಾತ್ರ ಕಾಣಿಸಿಕೊಂಡು, ಮನುಷ್ಯ ಬೇರಾವುದೋ ಕಾರಣದಿಂದ ತೀರಿಕೊಳ್ಳುವವರೆಗೂ ಸುಮ್ಮನಿರುವಂಥದ್ದು. ಮತ್ತೊಂದು, ಕೆಲವೇ ವರ್ಷಗಳಲ್ಲಿ ಮೂಳೆಗೆ ಇಳಿಯುವಂಥದ್ದು. ಮೊದಲನೆಯದಕ್ಕೆ ಕಠಿಣ ಚಿಕಿತ್ಸೆ ನೀಡಿದರೆ ಮೂತ್ರ ನಿಯಂತ್ರಣ, ಕರುಳಿನ ಆರೋಗ್ಯ, ದಾಂಪತ್ಯ ಜೀವನಗಳಿಗೆ ವೃಥಾ ಹಾನಿ. ಎರಡನೆಯದಕ್ಕೆ ತಡಮಾಡಿದರೆ ಜೀವಹಾನಿ. ಇವೆರಡನ್ನು ಮೊದಲೇ ಬೇರ್ಪಡಿಸಬಲ್ಲ ಗುರುತು ಗಡ್ಡೆಯ ಅಂಗಾಂಶದಲ್ಲೇ ಅಡಗಿರಬಹುದೇ ಎಂಬುದು ಅರ್ಧ ಶತಮಾನಕ್ಕೂ ಹೆಚ್ಚು ಕಾಲದ ಹುಡುಕಾಟ.

ಆ ಹುಡುಕಾಟದ ಮೊದಲ ದೊಡ್ಡ ಫಲವೇ ಇಂದಿಗೂ ಅತ್ಯಂತ ವಿಶ್ವಾಸಾರ್ಹವಾಗಿ ಉಳಿದಿದೆ. ಅಮೆರಿಕದ ಮಿನಿಯಾಪೊಲಿಸ್ ನಗರದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ರೋಗವಿಜ್ಞಾನಿಯಾಗಿದ್ದ ಡೊನಾಲ್ಡ್ ಗ್ಲೀಸನ್ 1966ರಲ್ಲಿ ಒಂದು ಶ್ರೇಣಿ ಪದ್ಧತಿಯನ್ನು ಪ್ರಕಟಿಸಿದರು. ಸೂಕ್ಷ್ಮದರ್ಶಕದಡಿ ಗ್ರಂಥಿಯ ರಚನೆ ಎಷ್ಟರ ಮಟ್ಟಿಗೆ ಕೆಟ್ಟಿದೆ ಎಂಬುದನ್ನು ಅವರು ಐದು ನಮೂನೆಗಳಾಗಿ ವಿಂಗಡಿಸಿದರು. ಆ ನಮೂನೆಗಳನ್ನು ರೋಗಿಗಳ ಮುಂದಿನ ಗತಿಯೊಂದಿಗೆ ತಾಳೆ ನೋಡಲಾಯಿತು. 2014ರಲ್ಲಿ ತಜ್ಞರು ಅದನ್ನು ಒಂದರಿಂದ ಐದರವರೆಗಿನ ಸರಳ ಗುಂಪುಗಳಾಗಿ ಪುನಾರಚಿಸಿದರಾದರೂ ತಳಹದಿ ಗ್ಲೀಸನ್ ಅವರದೇ. ಇದಕ್ಕೆ ಬೇಕಾದುದು ಒಂದು ಸೂಕ್ಷ್ಮದರ್ಶಕ, ಚೆನ್ನಾಗಿ ಬಣ್ಣ ಹಾಕಿದ ಗಾಜಿನ ಪಟ್ಟಿ ಮತ್ತು ತರಬೇತಿ ಪಡೆದ ಎರಡು ಕಣ್ಣುಗಳು. ಶಸ್ತ್ರಚಿಕಿತ್ಸೆಗೆ ಮೊದಲಿನ ಪಿಎಸ್‌ಎ, ಕತ್ತರಿಸಿದ ಅಂಚಿನ ಸ್ಥಿತಿ, ಕವಚದ ಹೊರಗಿನ ವಿಸ್ತರಣೆ, ವೀರ್ಯಕೋಶ ಮತ್ತು ದುಗ್ಧಗ್ರಂಥಿಗಳ ಸ್ಥಿತಿ ಇವಿಷ್ಟನ್ನು ಗ್ಲೀಸನ್ ಅಂಕದೊಂದಿಗೆ ಸೇರಿಸಿ ಕೂಡಿದರೆ ಮರುಕಳಿಕೆಯ ಸಂಭವವನ್ನು ತಕ್ಕಮಟ್ಟಿಗೆ ಅಂದಾಜಿಸಬಹುದು. ಸ್ಯಾನ್‌ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವೈದ್ಯರು 2011ರಲ್ಲಿ ಪ್ರಕಟಿಸಿದ ಅಂಕಪಟ್ಟಿ ಮಾಡುವುದು ಇದನ್ನೇ. ಅದನ್ನು ಲೆಕ್ಕ ಹಾಕಲು ಕಾಗದ, ಪೆನ್ಸಿಲು ಸಾಕು.

ನಂತರ ಬಂದದ್ದು ಅಣುಗಳ ಕಾಲ. 2002ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ತಂಡವೊಂದು ಇಜೆಡ್‌ಎಚ್2 ಎಂಬ ಪ್ರೋಟೀನು ಹೆಚ್ಚಿರುವ ಪ್ರಾಸ್ಟೇಟ್ ಗಡ್ಡೆಗಳು ಹೆಚ್ಚು ಅಪಾಯಕಾರಿ ಎಂದು ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿತು. ಅದರ ಪ್ರಥಮ ಲೇಖಕರ ಹೆಸರು ಸೂರ್ಯನಾರಾಯಣ ವಾರಂಬಳ್ಳಿ. ಉಡುಪಿ ಕಡೆಯ ಓದುಗರಿಗೆ ಬ್ರಹ್ಮಾವರದ ಬಳಿಯ ಊರಿನ ನೆನಪು ತರುವ ಹೆಸರು. ಮೂರು ವರ್ಷಗಳ ನಂತರ, 2005ರಲ್ಲಿ, ಅರುಳ್ ಚಿನ್ನಯ್ಯನ್ ನೇತೃತ್ವದ ಅದೇ ತಂಡ ಈ ಕ್ಯಾನ್ಸರಿನಲ್ಲಿ ಎರಡು ವಂಶವಾಹಿಗಳು ಒಂದಕ್ಕೊಂದು ಬೆಸೆದುಕೊಳ್ಳುವುದನ್ನು ಪತ್ತೆಹಚ್ಚಿತು. ಪಾಶ್ಚಾತ್ಯ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಕಾಣುವ ಈ ಬೆಸುಗೆ ಕ್ಯಾನ್ಸರ್ ಜೀವಶಾಸ್ತ್ರದ ಮಹತ್ವದ ಶೋಧಗಳಲ್ಲಿ ಒಂದು. ಅದೇ ಮರುಕಳಿಕೆಯ ಸೂಚಕವೂ ಆದೀತು ಎಂಬ ನಿರೀಕ್ಷೆ ಸಹಜವಾಗಿತ್ತು. ಆದರೆ 2012ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಶಸ್ತ್ರಚಿಕಿತ್ಸೆಯ ನಂತರದ ಮರುಕಳಿಕೆಯೊಂದಿಗೆ ಅದಕ್ಕೆ ಬಲವಾದ ಸಂಬಂಧವೇ ಕಾಣಲಿಲ್ಲ. ಪೂರ್ವ ಏಷ್ಯಾದ ರೋಗಿಗಳಲ್ಲಿ ಆ ಬೆಸುಗೆಯೇ ಕಡಿಮೆ ಎಂಬುದೂ ತಿಳಿದುಬಂತು.

ಇದರಿಂದ ಕಲಿಯಬೇಕಾದ ಪಾಠಗಳು ಎರಡು. ರೋಗದ ಕಾರಣವನ್ನು ವಿವರಿಸುವ ಗುರುತು ರೋಗದ ಭವಿಷ್ಯವನ್ನೂ ಹೇಳಬೇಕೆಂದಿಲ್ಲ. ಒಂದು ಜನಸಮುದಾಯದಲ್ಲಿ ಕಂಡ ಲೆಕ್ಕ ಇನ್ನೊಂದರಲ್ಲಿ ಹಾಗೆಯೇ ಹೊಂದಬೇಕೆಂದಿಲ್ಲ. ಈ ಕ್ಷೇತ್ರದಲ್ಲಿ ಪ್ರಕಟವಾದ ಸೂಚಕಗಳು ಅಸಂಖ್ಯ. ಆಸ್ಪತ್ರೆಯ ನಿತ್ಯದ ಬಳಕೆಗೆ ಬಂದವು ಬೆರಳೆಣಿಕೆಯಷ್ಟು. ಸಣ್ಣ ಮಾದರಿ, ಬೇಕಾದಂತೆ ಹೊಂದಿಸಿಕೊಂಡ ಮಿತಿರೇಖೆ, ಸಕಾರಾತ್ಮಕ ಫಲಿತಾಂಶವನ್ನಷ್ಟೇ ಪ್ರಕಟಿಸುವ ಪ್ರವೃತ್ತಿ ಇವು ಅದಕ್ಕೆ ಮುಖ್ಯ ಕಾರಣಗಳು. ಅಂತಹ ಅಧ್ಯಯನಗಳನ್ನು ಹೇಗೆ ವರದಿ ಮಾಡಬೇಕೆಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯೊಂದನ್ನು 2005ರಲ್ಲಿ ಪ್ರಕಟಿಸಬೇಕಾಗಿ ಬಂತೆಂದರೆ ಸಮಸ್ಯೆಯ ಆಳವನ್ನು ಊಹಿಸಬಹುದು.

ಅಂಕಿಗಳ ಮಾಯೆಯನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯೋಣ. ಶಸ್ತ್ರಚಿಕಿತ್ಸೆಗೆ ಒಳಗಾದ ಸಾವಿರ ಮಂದಿ ಇದ್ದಾರೆ. ಅವರಲ್ಲಿ 150 ಮಂದಿಗೆ ರೋಗ ಮರುಕಳಿಸಲಿದೆ ಎಂದಿಟ್ಟುಕೊಳ್ಳೋಣ. ಮರುಕಳಿಸುವವರಲ್ಲಿ ಶೇ 80 ಮಂದಿಯನ್ನು ಸರಿಯಾಗಿ ಹಿಡಿಯುವ, ಮರುಕಳಿಸದವರಲ್ಲೂ ಶೇ 80 ಮಂದಿಯನ್ನು ಸರಿಯಾಗಿ ಬಿಟ್ಟುಕೊಡುವ ಪರೀಕ್ಷೆ ನಮ್ಮ ಬಳಿ ಇದೆ. ಕೇಳಲು ಉತ್ತಮವಾಗಿಯೇ ಇದೆ. ಅದು 150ರಲ್ಲಿ 120 ಮಂದಿಯನ್ನು ಗುರುತಿಸುತ್ತದೆ. ಆದರೆ ಉಳಿದ 850ರಲ್ಲಿ 170 ಮಂದಿಯನ್ನೂ ಅಪಾಯದ ಪಟ್ಟಿಗೆ ಸೇರಿಸುತ್ತದೆ. ‘ನಿಮಗೆ ಅಪಾಯವಿದೆ’ ಎಂಬ ಕಾಗದ ಪಡೆದ 290 ಮಂದಿಯಲ್ಲಿ ನಿಜಕ್ಕೂ ಅಪಾಯದಲ್ಲಿರುವವರು ಅರ್ಧಕ್ಕಿಂತ ಕಡಿಮೆ! ನನ್ನಂತೆ ವರದಿಯೇ ಕೆಟ್ಟದಾಗಿದ್ದವರಲ್ಲಿ ಆರಂಭಿಕ ಸಂಭವವೇ ಹೆಚ್ಚಿರುವುದರಿಂದ ಈ ಲೆಕ್ಕ ಬದಲಾಗುತ್ತದೆ, ನಿಜ. ಹಾಗಾಗಿಯೇ ಯಾರಿಗೆ ಪರೀಕ್ಷೆ ಮಾಡುತ್ತೇವೆ ಎಂಬುದು ಯಾವ ಪರೀಕ್ಷೆ ಮಾಡುತ್ತೇವೆ ಎಂಬುದರಷ್ಟೇ ಮುಖ್ಯ.

ಹಾಗೆಂದ ಮಾತ್ರಕ್ಕೆ ಈ ಪರೀಕ್ಷೆಗಳೆಲ್ಲ ವ್ಯಾಪಾರದ ತಂತ್ರವೆಂದು ತಳ್ಳಿಹಾಕುವುದು ಅನ್ಯಾಯವಾದೀತು. 22 ಗುರುತುಗಳನ್ನು ಅಳೆಯುವ ಡೆಸಿಫರ್, ಕೋಶ ವಿಭಜನೆಯ ವೇಗಕ್ಕೆ ಸಂಬಂಧಿಸಿದ 31 ವಂಶವಾಹಿಗಳನ್ನು ಅಳೆಯುವ ಪ್ರೊಲಾರಿಸ್ ಇವು ಸಾಕಷ್ಟು ದೊಡ್ಡ ಅಧ್ಯಯನಗಳನ್ನು ದಾಟಿ ಬಂದಿವೆ. ಪ್ರತಿಕಾಯಗಳಿಂದ ಬಣ್ಣ ಹಾಕಿ ನೋಡುವ ಕೆಐ-67, ಪಿಟೆನ್ ಮೊದಲಾದ ಸೂಚಕಗಳು ಅಗ್ಗವೂ ಹೌದು. ಆ ವಿಧಾನ ನಮ್ಮ ದೊಡ್ಡ ಪ್ರಯೋಗಾಲಯಗಳಿಗೆ ಹೊಸದೂ ಅಲ್ಲ. ಅಮೆರಿಕದ ಕ್ಯಾನ್ಸರ್ ಚಿಕಿತ್ಸಾ ತಜ್ಞರ ಸಂಘವು 2019ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ ಈ ವಿಷಯದಲ್ಲಿ ಸಮತೋಲದ ನಿಲುವು ತಳೆಯಿತು: ಇಂತಹ ಪರೀಕ್ಷೆಗಳನ್ನು ಎಲ್ಲರಿಗೂ ವಾಡಿಕೆಯಂತೆ ಮಾಡಬೇಕಿಲ್ಲ, ಇತರ ಅಂಶಗಳೊಂದಿಗೆ ಸೇರಿಸಿ ನೋಡಿದಾಗ ಚಿಕಿತ್ಸೆಯ ನಿರ್ಧಾರ ಬದಲಾಗುವ ಸಂಭವವಿದ್ದರೆ ಮಾತ್ರ ಪರಿಗಣಿಸಬಹುದು. ನಾನು ವೈದ್ಯರಿಗೆ ಕೇಳಿದ್ದ ಪ್ರಶ್ನೆಯ ಸಾರವೂ ಅದೇ ಆಗಿತ್ತೆಂಬುದು ನನಗೆ ನಂತರ ತಿಳಿಯಿತು.

ಇದಾದ ಕೆಲವೇ ತಿಂಗಳಲ್ಲಿ, 2020ರಲ್ಲಿ, ಇನ್ನೊಂದು ಮಹತ್ವದ ಬೆಳವಣಿಗೆಯಾಯಿತು. ಶಸ್ತ್ರಚಿಕಿತ್ಸೆಯ ಬೆನ್ನಿಗೇ ವಿಕಿರಣ ನೀಡುವುದು ಮೇಲೋ, ಪಿಎಸ್‌ಎ ಏರಿದ ಕೂಡಲೇ ನೀಡುವುದು ಮೇಲೋ ಎಂಬುದನ್ನು ಪರಿಶೀಲಿಸಿದ ಮೂರು ಪ್ರಯೋಗಗಳ 2,153 ರೋಗಿಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ‘ಲ್ಯಾನ್ಸೆಟ್’ ಪ್ರಕಟಿಸಿತು. ಬೆನ್ನಿಗೇ ವಿಕಿರಣ ನೀಡಿದ್ದರಿಂದ ರೋಗ ನಿಯಂತ್ರಣದಲ್ಲಿ ಹೆಚ್ಚಿನ ಲಾಭ ಕಾಣಲಿಲ್ಲ. ಆ ಮೂರರಲ್ಲಿ ಅತಿ ದೊಡ್ಡದಾದ ಪ್ರಯೋಗದಲ್ಲಿ ಮೂತ್ರಸಂಬಂಧಿ ತೊಂದರೆಗಳು ಬೆನ್ನಿಗೇ ವಿಕಿರಣ ಪಡೆದವರಲ್ಲೇ ಹೆಚ್ಚಾಗಿದ್ದವು. ಅತ್ಯಂತ ಹೆಚ್ಚು ಅಪಾಯದವರು ಈ ಪ್ರಯೋಗಗಳಲ್ಲಿ ಕಡಿಮೆ ಇದ್ದರು ಎಂಬುದನ್ನು ಮರೆಯಬಾರದು. ಆದರೂ ಬಹುಪಾಲು ರೋಗಿಗಳಿಗೆ, ಕೆಲವು ನೂರು ರೂಪಾಯಿಗಳ ರಕ್ತಪರೀಕ್ಷೆಯನ್ನು ತಪ್ಪದೆ ಮಾಡಿಸುವ ಶಿಸ್ತು ದುಬಾರಿ ಭವಿಷ್ಯವಾಣಿಗಿಂತ ಉಪಯುಕ್ತ ಎಂಬುದು ಇದರಿಂದ ಸ್ಪಷ್ಟ. ನನ್ನ ಪಿಎಸ್‌ಎ ಇದುವರೆಗೆ ಏರಿಲ್ಲ. ಅದು ನನ್ನ ಅದೃಷ್ಟ. ಒಬ್ಬನ ಅದೃಷ್ಟ ಯಾವ ವಾದಕ್ಕೂ ಪುರಾವೆಯಾಗಲಾರದು.

ನನ್ನ ಸಹೋದ್ಯೋಗಿ ಮಿತ್ರರೊಬ್ಬರ ಕಥೆ ಬೇರೆ. ನನಗಿಂತ ಕೆಲವು ವರ್ಷ ಮೊದಲು ಅವರಿಗೆ ಇನ್ನೊಂದು ಊರಿನಲ್ಲಿ ಇದೇ ಶಸ್ತ್ರಚಿಕಿತ್ಸೆಯಾಗಿತ್ತು. ಪಿಎಸ್‌ಎ ಏರಿತು. ವಿಕಿರಣದೊಂದಿಗೆ ಹಾರ್ಮೋನು ಚಿಕಿತ್ಸೆಯನ್ನೂ ಕೊಡಬೇಕೇ ಎಂಬ ಪ್ರಶ್ನೆ ಎದುರಾಯಿತು. ಅವರ ಪಾಲಿಗೆ ಅಂಗಾಂಶ ಪರೀಕ್ಷೆ ನಿರ್ಧಾರವನ್ನು ಬದಲಿಸಬಹುದಾಗಿತ್ತು. ಅವರ ಮಗ ಹಣ ಕೊಡಲೂ ಸಿದ್ಧನಿದ್ದ. ಆದರೆ ಪರೀಕ್ಷೆಗೆ ಕಳುಹಿಸಲು ಅಂಗಾಂಶವೇ ಸಿಗಲಿಲ್ಲ. ಆಸ್ಪತ್ರೆಯವರು ಮೂರು ಬಾರಿ ಓಡಾಡಿಸಿ, ಕೊನೆಗೆ ‘ಕಟ್ಟಡ ಬದಲಾಯಿಸುವಾಗ ಹಳೆಯವು ಎಲ್ಲಿ ಹೋದವೋ ಗೊತ್ತಿಲ್ಲ’ ಎಂದರು. ಹಳೆಯ ವರದಿಯಲ್ಲಿ ಅಂಚಿನ ಸ್ಥಿತಿಯ ಬಗ್ಗೆ ಒಂದು ಮಾತೂ ಇರಲಿಲ್ಲ. ಸಾವಿರಾರು ಎಕರೆಗಳ ಭೂದಾಖಲೆ ಜೋಪಾನ ಮಾಡಿದ ಆ ಅಧಿಕಾರಿ, ಹೆಬ್ಬೆರಳಿನಷ್ಟು ಮೇಣದ ತುಂಡಿಗಾಗಿ ಕೈಕಟ್ಟಿ ನಿಲ್ಲಬೇಕಾಯಿತು.

ಗಡ್ಡೆಯ ಚೂರನ್ನು ಫಾರ್ಮಲಿನ್‌ನಲ್ಲಿ ಅದ್ದಿ, ಮೇಣದಲ್ಲಿ ಹುದುಗಿಸಿ ಇಡುವ ಆ ತುಂಡೇ ಈ ಎಲ್ಲ ಸೂಚಕಗಳ ಮೂಲ ಬಂಡವಾಳ. ಅದು ಎಷ್ಟು ಅಮೂಲ್ಯ ಎಂಬುದಕ್ಕೆ ಒಂದು ನಿದರ್ಶನ ಸಾಕು. ಅಮೆರಿಕದಲ್ಲಿ 1998ರಿಂದ 2003ರವರೆಗೆ, ಶಸ್ತ್ರಚಿಕಿತ್ಸೆಯ ನಂತರ ಪಿಎಸ್‌ಎ ಏರಿದ 760 ಮಂದಿಯನ್ನು ಸೇರಿಸಿಕೊಂಡು, ವಿಕಿರಣದೊಂದಿಗೆ ಹಾರ್ಮೋನು ಮಾತ್ರೆ ಕೊಟ್ಟರೆ ಲಾಭವೇ ಎಂಬ ಪ್ರಯೋಗ ನಡೆಸಿದರು. ಆ ಕಾಲಕ್ಕೆ ಡೆಸಿಫರ್ ಪರೀಕ್ಷೆಯೇ ಇರಲಿಲ್ಲ. ಆದರೆ ಮೇಣದ ತುಂಡುಗಳು ಉಳಿದಿದ್ದವು. ಸುಮಾರು ಎರಡು ದಶಕಗಳ ಬಳಿಕ ಅವುಗಳಲ್ಲಿ ಪರೀಕ್ಷೆಗೆ ಯೋಗ್ಯವಾಗಿದ್ದ 352 ಮಂದಿಯ ಅಂಗಾಂಶವನ್ನು ಅಳೆದು, ಅಂಕ ಹೆಚ್ಚಿದ್ದವರಿಗೆ ಹಾರ್ಮೋನಿನ ಲಾಭ ಹೆಚ್ಚು, ಕಡಿಮೆ ಇದ್ದವರಿಗೆ ಕಡಿಮೆ ಎಂಬುದನ್ನು 2021ರಲ್ಲಿ ಪ್ರಕಟಿಸಿದರು. ನನ್ನ ಮಿತ್ರರ ಪ್ರಶ್ನೆಗೆ ಸಂಬಂಧಿಸಿದ ಉತ್ತರ ಜಗತ್ತಿಗೆ ಸಿಕ್ಕಿದ್ದು ಯಾರೋ ಜೋಪಾನವಾಗಿ ಎತ್ತಿಟ್ಟ ಹಳೆಯ ತುಂಡುಗಳಿಂದ. ಅದೇ ಪ್ರಶ್ನೆ ಅವರ ಬಾಗಿಲಿಗೆ ಬಂದಾಗ ಅವರ ತುಂಡು ಇರಲಿಲ್ಲ.

ಆದ್ದರಿಂದ ಚರ್ಚೆಯ ಕೇಂದ್ರ ‘ಈ ಪರೀಕ್ಷೆಗೆ ಸರ್ಕಾರ ಹಣ ಕೊಡಬೇಕೇ’ ಎಂಬುದಲ್ಲ. ಕೈಗೊಳ್ಳಬೇಕಾದ ಕ್ರಮಗಳು ಅದಕ್ಕಿಂತ ಅಗ್ಗವಾದವು, ಹೆಚ್ಚು ಮಂದಿಗೆ ನೆರವಾಗುವಂಥವು.

ಮೊದಲನೆಯದು, ವರದಿಯ ಏಕರೂಪತೆ. ಗ್ಲೀಸನ್ ಗುಂಪು, ಅಂಚು, ಕವಚ, ವೀರ್ಯಕೋಶ, ದುಗ್ಧಗ್ರಂಥಿ ಈ ಅಂಶಗಳಿಲ್ಲದ ವರದಿಯನ್ನು ಅಪೂರ್ಣವೆಂದು ಪರಿಗಣಿಸಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ಬಿಲ್ಲು ಪಾವತಿಸುವ ಸರ್ಕಾರ, ಸಂಪೂರ್ಣ ವರದಿಯಿಲ್ಲದೆ ಪಾವತಿಯಿಲ್ಲ ಎಂಬ ಒಂದು ಷರತ್ತಿನಿಂದ ಇದನ್ನು ಸಾಧಿಸಬಹುದು. ಸುತ್ತೋಲೆಗಳು ಧೂಳು ತಿನ್ನುತ್ತವೆ. ಪಾವತಿಯ ಷರತ್ತುಗಳು ಪಾಲನೆಯಾಗುತ್ತವೆ ಎಂಬುದು ಸೇವೆಯಲ್ಲಿದ್ದವರೆಲ್ಲರ ಅನುಭವ.

ಎರಡನೆಯದು, ಮೇಣದ ತುಂಡಿಗೆ ದಾಖಲೆಯ ಸ್ಥಾನಮಾನ. ಅದನ್ನು ಎಷ್ಟು ವರ್ಷ, ಎಲ್ಲಿ, ಯಾರ ಹೊಣೆಯಲ್ಲಿ ಇಡಲಾಗುವುದು ಎಂಬುದನ್ನು ಬಿಡುಗಡೆ ಪತ್ರದಲ್ಲೇ ಬರೆದುಕೊಡಬೇಕು. ರೋಗಿ ಕೇಳಿದರೆ ಸಕಾಲದಲ್ಲಿ ಒದಗಿಸಬೇಕು. ಫಾರ್ಮಲಿನ್‌ನಲ್ಲಿ ಎಷ್ಟು ಹೊತ್ತು ಇಟ್ಟರು ಎಂಬುದೂ ನಮೂದಾಗಬೇಕು, ಏಕೆಂದರೆ ಅಲ್ಲಿ ಕೆಟ್ಟ ಅಂಗಾಂಶವನ್ನು ಯಾವ ಯಂತ್ರವೂ ಮತ್ತೆ ಸರಿಪಡಿಸಲಾರದು.

ಮೂರನೆಯದು, ಹಿಂಬಾಲಿಕೆ. ನಮ್ಮ ನೋಂದಣಿಗಳು ಎಷ್ಟು ಮಂದಿಗೆ ಕ್ಯಾನ್ಸರ್ ಬಂತು ಎಂದು ಎಣಿಸುವ ಕೆಲಸವನ್ನು ನಾಲ್ಕು ದಶಕಗಳಿಂದ ಮಾಡುತ್ತಿವೆ. ಶಸ್ತ್ರಚಿಕಿತ್ಸೆಯಾದವರಲ್ಲಿ ಎಷ್ಟು ಮಂದಿಗೆ, ಯಾವಾಗ ಮರುಕಳಿಸಿತು ಎಂಬುದನ್ನೂ ಅವು ಎಣಿಸಬೇಕು. 2012ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ ಮುಂಬೈನ ಟಾಟಾ ಸ್ಮಾರಕ ಕೇಂದ್ರದ ನೇತೃತ್ವದಲ್ಲಿ ದೇಶದ ಕ್ಯಾನ್ಸರ್ ಆಸ್ಪತ್ರೆಗಳನ್ನು ಒಂದೇ ಜಾಲಕ್ಕೆ ತಂದಿದೆ. ಅಂಗಾಂಶವನ್ನೂ ರೋಗಿಯ ಮುಂದಿನ ಗತಿಯನ್ನೂ, ಅವನ ಒಪ್ಪಿಗೆ ಪಡೆದು, ಜೋಡಿಸಿಡಲು ಇಂತಹ ಜಾಲಕ್ಕಿಂತ ಉತ್ತಮ ವೇದಿಕೆ ಬೇರೆ ಬೇಕಿಲ್ಲ. ಬೇರೆ ದೇಶದ ಸೂಚಕ ನಮ್ಮವರಿಗೆ ಹೊಂದುತ್ತದೆಯೇ ಎಂಬುದನ್ನು ಆಗ ನಾವೇ ಪರೀಕ್ಷಿಸಬಹುದು. ಅಗ್ಗದ ಸೂಚಕಗಳೇ ಸಾಕಾದಾವೇ ಎಂಬುದನ್ನೂ ನೋಡಬಹುದು.

ಇದಕ್ಕೊಂದು ಆಕ್ಷೇಪವಿದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ರೋಗವಿಜ್ಞಾನಿಗಳ ಹುದ್ದೆಯೇ ಖಾಲಿಯಿರುವಾಗ, ರೋಗ ಹರಡಿದ ಮೇಲೆಯೇ ಬಹಳಷ್ಟು ರೋಗಿಗಳು ಬರುವಾಗ, ಮರುಕಳಿಕೆಯ ಚಿಂತೆ ಉಳ್ಳವರ ಚಿಂತೆಯಲ್ಲವೇ? ಆಕ್ಷೇಪದಲ್ಲಿ ಹುರುಳಿದೆ. ಆದರೆ ಮೇಲಿನ ಮೂರು ಕ್ರಮಗಳಲ್ಲಿ ಒಂದೂ ಉಳ್ಳವರಿಗೆ ಮಾತ್ರ ಮೀಸಲಲ್ಲ. ಸರಿಯಾದ ವರದಿ, ಜೋಪಾನವಾಗಿಟ್ಟ ಅಂಗಾಂಶ, ಕ್ರಮಬದ್ಧ ಹಿಂಬಾಲಿಕೆ ಇವು ಸ್ತನ, ಬಾಯಿ, ಗರ್ಭಕೊರಳಿನ ಕ್ಯಾನ್ಸರಿಗೂ ಅಷ್ಟೇ ಅಗತ್ಯ. ಉಳ್ಳವನು ಹೇಗೋ ಮತ್ತೊಂದು ಪರೀಕ್ಷೆ ಮಾಡಿಸಿಕೊಳ್ಳುತ್ತಾನೆ. ಸರಿಯಾದ ವರದಿಯೇ ಕೊನೆಯ ಆಸರೆಯಾಗಿರುವುದು ಇಲ್ಲದವನಿಗೆ.

ಮಿತ್ರರಿಗೆ ಕೊನೆಗೆ ವಿಕಿರಣ, ಹಾರ್ಮೋನು ಎರಡನ್ನೂ ಕೊಟ್ಟರು. ಗೊತ್ತಿಲ್ಲದಿರುವಾಗ ಹೆಚ್ಚೇ ಇರಲಿ ಎಂಬ ನ್ಯಾಯ. ಹಾರ್ಮೋನು ಚಿಕಿತ್ಸೆಯ ಬಳಲಿಕೆ, ಬೆವರು, ಕುಗ್ಗಿದ ಮನಸ್ಸು ಇವುಗಳನ್ನು ಅವರು ಎರಡು ವರ್ಷ ಅನುಭವಿಸಿದರು. ಅದು ಅಗತ್ಯವಾಗಿತ್ತೇ ಎಂಬುದನ್ನು ಇನ್ನು ಯಾರೂ ಹೇಳಲಾರರು. ಕಳೆದ ಸಲ ಭೇಟಿಯಾದಾಗ ಅವರು ನನ್ನನ್ನು ಕೇಳಿದ್ದು ನನ್ನ ಪಿಎಸ್‌ಎ ಎಷ್ಟು ಎಂದಲ್ಲ. ‘ನಿಮ್ಮ ತುಂಡು ಎಲ್ಲಿದೆ, ನೋಡಿಕೊಂಡಿದ್ದೀರಾ?’ ಎಂದು ಕೇಳಿದರು. ಮರುದಿನವೇ ನಾನು ಆಸ್ಪತ್ರೆಗೆ ಹೋಗಿ ವಿಚಾರಿಸಿದೆ. ಸುರಕ್ಷಿತವಾಗಿದೆ ಎಂದರು. ಸಂಖ್ಯೆ ಬರೆಸಿಕೊಂಡು, ಮೊಹರು ಹಾಕಿಸಿಕೊಂಡು, ಮನೆಪತ್ರದ ಜೊತೆಯಲ್ಲಿ ಇಟ್ಟಿದ್ದೇನೆ.